ಔಷಧವೂ ಒಡನಾಟವೂ

ಖಿನ್ನತೆಯ ಬೇನೆಗೆ ಸಿಲುಕಿದವರಿಗೆ ಮಾತ್ರೆ ಬರೆದುಕೊಡುವಾಗ ಮನೋವೈದ್ಯರು ಮನೆಯವರಿಗೆ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: “ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರವೂ ಬೇಕಾಗುತ್ತದೆ, ಅಲ್ಲಿಯವರೆಗೆ ಔಷಧ ಬಿಡಬೇಡಿರಿ.” ಈ ಮಾತು ಕಿವಿಗೆ ಬೀಳುತ್ತದೆಯೇ ಹೊರತು ಮನಸ್ಸಿಗೆ ಇಳಿಯುವುದಿಲ್ಲ. ಜ್ವರದ ಗುಳಿಗೆ ಒಂದೆರಡು ತಾಸಿನಲ್ಲಿ ಮೈಯನ್ನು ತಣ್ಣಗಾಗಿಸುತ್ತದೆ. ತಲೆನೋವಿನ ಗುಳಿಗೆಯೂ ಹಾಗೆಯೇ. ಇದಕ್ಕೆ ಮಾತ್ರ ತಿಂಗಳೊಪ್ಪತ್ತು ಏಕೆ ಬೇಕು? ಹತ್ತು ದಿನ ನೋಡಿ, “ಇದರಿಂದೇನೂ ಆಗಲಿಲ್ಲ” ಎಂದು ಉಳಿದ ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಡುವ ಮನೆಗಳು ನಮ್ಮಲ್ಲಿ ಬಹಳ. ಆ ಗೂಡಿನಲ್ಲಿ ಉಳಿದುಬಿಡುವುದು ಮಾತ್ರೆಯಷ್ಟೇ ಅಲ್ಲ, ಎಷ್ಟೋ ಸಲ ಒಂದು ಜೀವದ ಚೇತರಿಕೆಯೂ ಹೌದು.

ನಾವು ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯಗಳನ್ನು ಓದಿ ಬೆಳೆದವರು. ವೈದ್ಯಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಈ ಬೇನೆ ನಮ್ಮ ಒಡಹುಟ್ಟಿದ ತಮ್ಮನಿಗೇ ಬಂದಾಗ, ಕಾಯಬೇಕೆಂಬ ಮಾತಿನ ಹಿಂದಿರುವ ಕಾರಣವನ್ನು ತಿಳಿಯದೆ ಇರಲು ನಮ್ಮಿಂದ ಆಗಲಿಲ್ಲ. ಅವನ ವೈದ್ಯರು ಸಹನೆಯಿಂದ ವಿವರಿಸಿದುದನ್ನೂ ಆಮೇಲೆ ನಾವು ಓದಿ ತಿಳಿದುಕೊಂಡುದನ್ನೂ ಕೂಡಿಸಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ. ಇಂಥ ವಾರಗಳನ್ನು ಎಣಿಸುತ್ತ ಕುಳಿತ ಮನೆ ಯಾವುದಾದರೂ ಇದ್ದರೆ ಅದಕ್ಕೆ ಇದರಿಂದ ಕಿಂಚಿತ್ ನೆರವಾದೀತೆಂಬುದು ನಮ್ಮ ಆಶಯ.

ಈ ಔಷಧಗಳು ಹುಟ್ಟಿದ ಬಗೆಯೇ ಸ್ವಾರಸ್ಯಕರವಾದುದು. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿದ್ದ ಸೀ ವ್ಯೂ ಆಸ್ಪತ್ರೆಯ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಹೊಸ ಮದ್ದನ್ನು ಕೊಡಲಾಯಿತು. ಹಾಸಿಗೆ ಹಿಡಿದು ಮಂಕಾಗಿದ್ದವರು ನಗತೊಡಗಿದರು. ಊಟ ಕೇಳಿ ಉಣ್ಣತೊಡಗಿದರು. 1957ರಲ್ಲಿ ನೇಥನ್ ಕ್ಲೈನ್ ಮತ್ತು ಅವರ ಸಂಗಡಿಗರು ಅದೇ ಮದ್ದು ಖಿನ್ನತೆಗೂ ಉಪಯುಕ್ತವೆಂದು ಪ್ರಕಟಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಮ್ಯುನ್‌ಸ್ಟರ್‌ಲಿಂಗೆನ್ ಆಸ್ಪತ್ರೆಯ ರೋಲಂಡ್ ಕೂನ್ ಎಂಬ ವೈದ್ಯರು ಇಮಿಪ್ರಮೀನ್ ಎಂಬ ಇನ್ನೊಂದು ಔಷಧದ ಗುಣವನ್ನು ಸಾರಿದರು. ಹೀಗೆ ಔಷಧ ಮೊದಲು ಬಂದಿತು. ಅದು ಹೇಗೆ ಕೆಲಸ ಮಾಡುತ್ತದೆಂಬ ವಿವರಣೆ ಹಿಂದಿನಿಂದ ಬಂದಿತು.

ಆ ಮೊದಲ ವಿವರಣೆ ಸರಳವಾಗಿದ್ದಿತು. ನಮ್ಮ ಮಿದುಳಿನಲ್ಲಿ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಅತಿಸೂಕ್ಷ್ಮವಾದ ತೆರವಿದೆ. ಸೆರೊಟೋನಿನ್, ನಾರ್‌ಅಡ್ರಿನಲಿನ್ ಮುಂತಾದ ರಾಸಾಯನಿಕಗಳು ಸಂದೇಶವಾಹಕರಂತೆ ಆ ತೆರವನ್ನು ದಾಟುತ್ತವೆ. ಖಿನ್ನತಾನಿವಾರಕ ಔಷಧಗಳು ಈ ವಾಹಕಗಳನ್ನು ಆ ತೆರವಿನಲ್ಲಿ ಹೆಚ್ಚು ಹೊತ್ತು ಉಳಿಸುತ್ತವೆ. ಆದುದರಿಂದ ಅವುಗಳ ಕೊರತೆಯೇ ಖಿನ್ನತೆಗೆ ಕಾರಣವಾಗಿರಬೇಕೆಂದು ವಿಜ್ಞಾನಿಗಳು ಊಹಿಸಿದರು. 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ಎಂಬವರು ಇದನ್ನು ಒಂದು ಸಿದ್ಧಾಂತದ ರೂಪದಲ್ಲಿ ಮಂಡಿಸಿದರು. ಸಾರಿನಲ್ಲಿ ಉಪ್ಪು ಕಡಿಮೆಯಾದರೆ ಉಪ್ಪು ಹಾಕಿದಂತೆ ಎಂದು ಜನರಿಗೂ ಇದು ಸುಲಭವಾಗಿ ತಿಳಿಯಿತು.

ತೊಡಕು ಇರುವುದು ಇಲ್ಲಿಯೇ. ಉಪ್ಪು ಹಾಕಿದ ಕೂಡಲೆ ಸಾರಿಗೆ ರುಚಿ ಬರಬೇಕಷ್ಟೆ? ಮಾತ್ರೆ ನುಂಗಿದ ಕೆಲವೇ ತಾಸುಗಳಲ್ಲಿ ಆ ತೆರವಿನಲ್ಲಿ ಸೆರೊಟೋನಿನ್ ಏರುತ್ತದೆ. ಮನಸ್ಸು ತಿಳಿಯಾಗುವುದು ಮಾತ್ರ ವಾರಗಳ ಮೇಲೆ. ಈ ನಡುವಿನ ಅವಧಿಯಲ್ಲಿ ಮಿದುಳಿನೊಳಗೆ ಬೇರೆ ಏನೋ ನಿಧಾನವಾಗಿ ನಡೆಯುತ್ತಿರಬೇಕು. 2022ರಲ್ಲಿ ಪ್ರಕಟವಾದ ಒಂದು ವಿಸ್ತೃತ ಪರಾಮರ್ಶೆಯು, ಸೆರೊಟೋನಿನ್ ಕೊರತೆಯಿಂದಲೇ ಖಿನ್ನತೆ ಬರುತ್ತದೆಂಬುದಕ್ಕೆ ದೃಢವಾದ ಆಧಾರವಿಲ್ಲವೆಂದು ಹೇಳಿತು. ಇದನ್ನು ಕೇಳಿ, ಹಾಗಾದರೆ ಔಷಧವೇ ವ್ಯರ್ಥವೆಂದು ತಿಳಿದವರುಂಟು. ಆ ತೀರ್ಮಾನ ಸಲ್ಲದು. 2018ರಲ್ಲಿ 522 ಪರೀಕ್ಷೆಗಳನ್ನು, ಅವುಗಳಲ್ಲಿ ಪಾಲ್ಗೊಂಡ 1,16,477 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, 21 ಔಷಧಗಳೂ ಹುಸಿಮಾತ್ರೆಗಿಂತ ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂದಿತು. ಆ ಹೆಚ್ಚಳ ಸಾಧಾರಣವಾದುದು, ಎಲ್ಲರಿಗೂ ಒಂದೇ ಸಮನಾದುದಲ್ಲ; ಆದರೆ ನಿಜವಾದುದು. ಔಷಧ ಕೆಲಸ ಮಾಡುತ್ತದೆ, ಅದಕ್ಕೆ ಕೊಟ್ಟ ಹಳೆಯ ಕಾರಣ ಸಾಲದು ಎಂಬುದಷ್ಟೇ ಇದರ ತಾತ್ಪರ್ಯ.

ಇನ್ನೊಂದು ಕಾರಣದ ಜಾಡು ತೆರೆದುಕೊಂಡುದು ಇಟಲಿ ದೇಶದ ಒಂದು ಮಲಗುವ ಕೋಣೆಯಲ್ಲಿ. ರೀಟಾ ಲೆವಿ ಮೊಂಟಾಲ್ಚಿನಿ ಎಂಬ ಯಹೂದಿ ಮಹಿಳೆ 1909ರಲ್ಲಿ ಟ್ಯೂರಿನ್ ನಗರದಲ್ಲಿ ಹುಟ್ಟಿದವರು, ವೈದ್ಯಕೀಯ ಓದಿದವರು. 1938ರ ಜನಾಂಗೀಯ ಕಾನೂನುಗಳು ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು ಕೋಳಿಯ ಭ್ರೂಣಗಳಲ್ಲಿ ನರಗಳು ಬೆಳೆಯುವ ರೀತಿಯನ್ನು ಅಭ್ಯಸಿಸಿದರು. ಯುದ್ಧಾನಂತರ ಅಮೆರಿಕೆಯ ಸೇಂಟ್ ಲೂಯಿಸ್‌ಗೆ ಹೋಗಿ, ನರಕೋಶಗಳು ಚಿಗುರಲು ಕಾರಣವಾದ ಒಂದು ಪೋಷಕ ದ್ರವ್ಯವಿದೆಯೆಂದು ತೋರಿಸಿದರು. ಇದಕ್ಕಾಗಿ 1986ರಲ್ಲಿ ಅವರಿಗೂ ಸಹೋದ್ಯೋಗಿ ಸ್ಟ್ಯಾನ್ಲಿ ಕೊಹೆನ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆ ವಿದುಷಿ 103 ವರ್ಷ ಬಾಳಿ 2012ರಲ್ಲಿ ತೀರಿಕೊಂಡರು.

ಅದೇ ಕುಲದ ಇನ್ನೊಂದು ಪೋಷಕ ದ್ರವ್ಯವನ್ನು 1982ರಲ್ಲಿ ಜರ್ಮನಿಯಲ್ಲಿ ಇವ್ ಬಾರ್ಡ್, ಡೇವಿಡ್ ಎಡ್ಗರ್, ಹಾನ್ಸ್ ತೋನೆನ್ ಎಂಬವರು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಅದರ ಉದ್ದದ ಹೆಸರನ್ನು ಚಿಕ್ಕದು ಮಾಡಿ ಬಿಡಿಎನ್‌ಎಫ್ ಎನ್ನುತ್ತಾರೆ. ಇದು ಮಿದುಳೇ ತಯಾರಿಸುವ ಒಂದು ಪ್ರೋಟೀನು. ನರಕೋಶಗಳು ಬದುಕಿ ಉಳಿಯಲು, ಕವಲೊಡೆಯಲು, ಒಂದರೊಡನೊಂದು ಹೊಸ ಸಂಪರ್ಕ ಕಟ್ಟಿಕೊಳ್ಳಲು ಇದು ಬೇಕು. ಬಾಲ್ಯದಲ್ಲಿ ನಾವು ಪಾಠಶಾಲೆಯಲ್ಲಿ ಅಮರಕೋಶವನ್ನು ದಿನದಿನವೂ ಆವರ್ತಿಸಿ ಬಾಯಿಪಾಠ ಮಾಡುತ್ತಿದ್ದೆವು. ಅಂದು ಕಲಿತುದು ಇಂದಿಗೂ ಅಳಿದಿಲ್ಲ. ಹೀಗೆ ಕಲಿತುದು ಬೇರೂರುವಲ್ಲಿ ಇಂಥ ಪೋಷಕ ದ್ರವ್ಯಗಳ ಪಾತ್ರವಿದೆಯೆಂದು ಓದಿದಾಗ ನಮಗೆ ವಿಸ್ಮಯವೆನಿಸಿತು.

ಖಿನ್ನತೆಗೂ ಇದಕ್ಕೂ ಇರುವ ನಂಟು ಹೊರಬಿದ್ದುದು 1995ರಲ್ಲಿ. ತೀವ್ರ ಒತ್ತಡಕ್ಕೆ ಗುರಿಯಾದ ಇಲಿಗಳ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಬಿಡಿಎನ್‌ಎಫ್ ತಯಾರಿಕೆ ತಗ್ಗುವುದೆಂದು ಒಂದು ಅಧ್ಯಯನ ತೋರಿಸಿತು. ಅದೇ ವರ್ಷ ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಡುಮನ್ ಮತ್ತು ಸಂಗಡಿಗರು, ಖಿನ್ನತಾನಿವಾರಕ ಔಷಧವನ್ನು ಬಹುದಿನ ಕೊಟ್ಟರೆ ಅಲ್ಲಿಯೇ ಅದರ ತಯಾರಿಕೆ ಏರುವುದೆಂದು ತೋರಿಸಿದರು. ಹಿಪ್ಪೊಕ್ಯಾಂಪಸ್ ನೆನಪಿಗೂ ಭಾವಗಳ ಹತೋಟಿಗೂ ಸಂಬಂಧಿಸಿದ ಭಾಗ. ದೀರ್ಘಕಾಲ ಖಿನ್ನತೆಯಿಂದ ಬಳಲಿದವರಲ್ಲಿ ಅದು ಸರಾಸರಿಯಲ್ಲಿ ಸ್ವಲ್ಪ ಕುಗ್ಗಿರುತ್ತದೆ. ರೋಗಿಗಳ ರಕ್ತದಲ್ಲಿಯೂ ಬಿಡಿಎನ್‌ಎಫ್ ಸರಾಸರಿಯಲ್ಲಿ ಕಡಿಮೆಯಿದ್ದು, ಚಿಕಿತ್ಸೆಯ ಬಳಿಕ ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇದು ಗುಂಪಿನ ಸರಾಸರಿಯ ಮಾತು. ಒಬ್ಬರ ರಕ್ತ ನೋಡಿ ಅವರಿಗೆ ಖಿನ್ನತೆ ಇದೆ ಅಥವಾ ಇಲ್ಲವೆಂದು ಹೇಳಲು ಬಾರದು.

ಈಗ ವಾರಗಳ ಲೆಕ್ಕ ಅರ್ಥವಾಗತೊಡಗುತ್ತದೆ. ನರಕೋಶ ಕವಲೊಡೆಯಬೇಕು, ಕವಲು ಇನ್ನೊಂದನ್ನು ತಲುಪಬೇಕು, ತಲುಪಿದ ಸಂಪರ್ಕ ಗಟ್ಟಿಯಾಗಬೇಕು. ಇದು ಉಪ್ಪು ಹಾಕುವ ಕೆಲಸವಲ್ಲ, ಬೆಳೆ ಬೆಳೆಯುವ ಕೆಲಸ. ಬಿತ್ತಿದ ವಾರದಲ್ಲಿಯೇ ತೆನೆ ಕೇಳುವ ಒಕ್ಕಲಿಗನನ್ನು ನಾವು ಕಂಡಿಲ್ಲ.

ಆದರೆ ಇಷ್ಟಕ್ಕೇ ನಿಂತರೆ ಹೊಸ ಸಿದ್ಧಾಂತವೂ ಹಳೆಯದರಂತೆ ಅತಿ ಸರಳವಾದೀತು. ಪೋಷಕ ದ್ರವ್ಯ ಎಲ್ಲೆಡೆಯೂ ಹೆಚ್ಚಿದರೆ ಒಳಿತೆಂದು ಭಾವಿಸಲಾಗದು. 2006ರ ಒಂದು ಪ್ರಯೋಗದಲ್ಲಿ, ಬಲಿಷ್ಠ ಇಲಿಯಿಂದ ಪದೇಪದೇ ಪೆಟ್ಟು ತಿಂದ ಇಲಿಗಳು ಇತರ ಇಲಿಗಳನ್ನು ಕಂಡರೆ ದೂರ ಸರಿಯುವಂತಾದವು. ಸುಖಾನುಭವಕ್ಕೆ ಸಂಬಂಧಿಸಿದ ನರಮಾರ್ಗದಲ್ಲಿ ಇದೇ ಬಿಡಿಎನ್‌ಎಫ್ ಆ ಅಂಜಿಕೆಯನ್ನು ಬೇರೂರಿಸಿದ್ದಿತು; ಅಲ್ಲಿ ಅದನ್ನು ತೆಗೆದುಹಾಕಿದಾಗ ಇಲಿಗಳು ಹಾಗೆ ಹಿಂಜರಿಯಲಿಲ್ಲ. ವಯಸ್ಕರ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆಂದು 1998ರಲ್ಲಿ ವರದಿಯಾಯಿತು. 2018ರಲ್ಲಿ ಒಂದು ತಂಡ ಅಂಥವು ಕಾಣಲಿಲ್ಲವೆಂದಿತು, ಇನ್ನೊಂದು ತಂಡ ಮುಪ್ಪಿನಲ್ಲಿಯೂ ಕಂಡವೆಂದಿತು. ಚರ್ಚೆ ಮುಗಿದಿಲ್ಲ. ಇನ್ನು ಈ ದ್ರವ್ಯವನ್ನೇ ಹೊರಗಿನಿಂದ ತಿನ್ನಿಸೋಣವೆಂದರೆ ಅದು ಪ್ರೋಟೀನು. ಬೇಳೆಯಂತೆ ಹೊಟ್ಟೆಯಲ್ಲಿ ಅರಗಿಹೋಗುತ್ತದೆ, ಮಿದುಳಿಗೆ ತಲುಪುವುದಿಲ್ಲ.

ನಮ್ಮ ದೃಷ್ಟಿಯಲ್ಲಿ ಈ ಇಡೀ ವಿಷಯದ ತಿರುಳು ಅಡಗಿರುವುದು ಫಿನ್ಲೆಂಡಿನ ಹೆಲ್ಸಿಂಕಿಯ ಈರೊ ಕ್ಯಾಸ್ಟ್ರೆನ್ ಅವರ ತಂಡ ಮತ್ತು ಅವರೊಡನೆ ಕೂಡಿದವರು ಮಾಡಿದ ಪ್ರಯೋಗಗಳಲ್ಲಿ. ಮರಿಯಾಗಿದ್ದಾಗ ಒಂದು ಕಣ್ಣು ಮುಚ್ಚಿಟ್ಟು ಬೆಳೆಸಿದ ಇಲಿಗೆ, ದೊಡ್ಡದಾದ ಮೇಲೆ ಆ ಕಣ್ಣು ತೆರೆದರೂ ಅದರಿಂದ ಸರಿಯಾಗಿ ಕಾಣದು. ಕಣ್ಣಿನ ದೋಷದಿಂದಲ್ಲ, ಮಿದುಳು ಆ ಕಣ್ಣಿನ ಮಾತನ್ನು ಕೇಳಲು ಕಲಿಯದಿದ್ದುದರಿಂದ. 2008ರಲ್ಲಿ ಅಂಥ ಬೆಳೆದ ಇಲಿಗಳಿಗೆ ಫ್ಲುಆಕ್ಸೆಟಿನ್ ಎಂಬ ಖಿನ್ನತಾನಿವಾರಕವನ್ನು ಕೊಟ್ಟು, ಒಳ್ಳೆಯ ಕಣ್ಣನ್ನು ಮುಚ್ಚಿ, ದುರ್ಬಲ ಕಣ್ಣನ್ನೇ ಬಳಸುವಂತೆ ಮಾಡಿದರು. ಆ ಕಣ್ಣಿಗೆ ದೃಷ್ಟಿ ಮರಳಿತು. 2011ರಲ್ಲಿ, ಒಂದು ಸದ್ದಿಗೆ ಹೆದರಲು ಕಲಿತಿದ್ದ ಇಲಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಔಷಧ ಮಾತ್ರ ಕೊಟ್ಟಾಗ ಹೆದರಿಕೆ ಹೋಗಲಿಲ್ಲ. ಆ ಸದ್ದಿನಿಂದ ಕೇಡಿಲ್ಲವೆಂದು ಮಾತ್ರ ಅಭ್ಯಾಸ ಮಾಡಿಸಿದಾಗ ತುಸು ಹೋಗಿ ಮತ್ತೆ ಮರಳಿತು. ಎರಡನ್ನೂ ಕೂಡಿಸಿದಾಗ ಬಹುಕಾಲ ಅಳಿಯಿತು. 2021ರಲ್ಲಿ ಇದೇ ತಂಡವು, ಈ ಔಷಧಗಳು ಬಿಡಿಎನ್‌ಎಫ್‌ಗೆಂದೇ ನರಕೋಶದ ಮೇಲಿರುವ ಗ್ರಾಹಕಕ್ಕೆ ನೇರವಾಗಿ ಅಂಟಿಕೊಂಡು ಅದರ ಕೆಲಸವನ್ನು ಸುಗಮಗೊಳಿಸುತ್ತವೆಂದು ಪ್ರಕಟಿಸಿತು. ಇಲಿಯಲ್ಲಿ ಕಂಡುದೆಲ್ಲ ಮನುಷ್ಯನಿಗೆ ಅನ್ವಯಿಸುವುದಿಲ್ಲವೆಂಬುದನ್ನೂ ಹೇಳಬೇಕು: ಮಂದಗಣ್ಣಿನ ವಯಸ್ಕರ ಮೇಲೆ ಅದೇ ಔಷಧವನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಆದರೂ ಈ ಪ್ರಯೋಗಗಳು ಸೂಚಿಸುವ ದಾರಿ ಸ್ಪಷ್ಟವಾಗಿದೆ. ಔಷಧ ತಾನಾಗಿ ಮನಸ್ಸಿನೊಳಗೆ ಸಂತೋಷವನ್ನು ಸುರಿಯುವುದಿಲ್ಲ. ಬಿಗಿದುಕೊಂಡ ಮಿದುಳನ್ನು ಬದಲಾಗಬಲ್ಲ ಸ್ಥಿತಿಗೆ ತರುತ್ತದೆ. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ನೆಲಕ್ಕೆ ಹದ ತರುತ್ತದೆ. ಹದ ಬಂದ ನೆಲದಲ್ಲಿ ಏನು ಬಿತ್ತುವಿರೋ ಅದು ಬೆಳೆಯುತ್ತದೆ. ಏನೂ ಬಿತ್ತದಿದ್ದರೆ ಕಳೆ ಬೆಳೆಯುತ್ತದೆ. ಇದಕ್ಕೂ ಒಂದು ಸಾಕ್ಷ್ಯವಿದೆ. ಇಟಲಿಯ ಇಗೊರ್ ಬ್ರಾಂಕಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನುಕೂಲವಾದ ಸಮೃದ್ಧ ಪರಿಸರದಲ್ಲಿದ್ದ ಇಲಿಗಳು ಫ್ಲುಆಕ್ಸೆಟಿನ್‌ನಿಂದ ಸುಧಾರಿಸಿದವು. ಕಾಟಕೊಡುವ ಪರಿಸರದಲ್ಲಿದ್ದವು ಅದೇ ಔಷಧದಿಂದ ಇನ್ನಷ್ಟು ಕೆಟ್ಟವು.

ನಮ್ಮ ತಮ್ಮನ ವಿಷಯವನ್ನು ಇಲ್ಲಿ ಹೇಳುವುದು ಉಚಿತ. ಅವನು ನಿವೃತ್ತ ಶಾಲಾಶಿಕ್ಷಕ. ಹೆಂಡತಿ ತೀರಿಕೊಂಡ ಕೆಲವು ತಿಂಗಳಲ್ಲಿ ಊಟ ಬಿಟ್ಟ, ಮಾತು ಬಿಟ್ಟ. ಬೆಳಗಿನ ಮೂರು ಗಂಟೆಗೆ ಎದ್ದು ಕತ್ತಲಲ್ಲಿ ಕುಳಿತಿರುತ್ತಿದ್ದ. “ನಾನು ನಿಮಗೆಲ್ಲ ಭಾರವಾದೆ” ಎಂದು ಒಂದು ದಿನ ಮಗನಿಗೆ ಹೇಳಿದಾಗ ಮನೆಯಲ್ಲಿ ಎಲ್ಲರ ಎದೆಯೊಡೆಯಿತು. ಕಾರ್ತಿಕ ಮಾಸದಲ್ಲಿ ಔಷಧ ಆರಂಭವಾಯಿತು. ಹನ್ನೆರಡನೆಯ ದಿನ ನೆಂಟರಿಷ್ಟರ ಸಭೆಯೇ ಸೇರಿತು. ಮಾತ್ರೆಯಿಂದ ಗುಣವಿಲ್ಲವೆಂದು ಒಬ್ಬರು, ಚಟ ಹತ್ತುವುದೆಂದು ಇನ್ನೊಬ್ಬರು, ಗಟ್ಟಿ ಮನಸ್ಸು ಮಾಡಿದರೆ ತಾನೇ ಹೋಗುವುದೆಂದು ಮತ್ತೊಬ್ಬರು. ನಾವು ವೈದ್ಯರ ಬಳಿಗೆ ಹೋಗಿ ಕೇಳಿದೆವು. ಅವರು, “ಶಾಸ್ತ್ರಿಗಳೆ, ಮಾತ್ರೆ ನಾನು ಕೊಟ್ಟಿದ್ದೇನೆ. ಅವರನ್ನು ಕೋಣೆಯಲ್ಲಿ ಒಬ್ಬರನ್ನೇ ಬಿಟ್ಟರೆ ಅದು ಅರ್ಧ ಕೆಲಸವಷ್ಟೇ ಮಾಡೀತು. ಉಳಿದರ್ಧ ನಿಮ್ಮದು” ಎಂದರು.

ಅಂದಿನಿಂದ ಮನೆಯವರು ಕೆಲಸ ಹಂಚಿಕೊಂಡರು. ಸೊಸೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಸಿ, ಮಾವ ಎರಡು ತುತ್ತು ಉಂಡರೂ ಎದುರಿಗೆ ಕುಳಿತಿರುತ್ತಿದ್ದಳು. ಮೊಮ್ಮಗಳು ಸಂಜೆ ಲೆಕ್ಕದ ಪುಸ್ತಕ ಹಿಡಿದು ಅಜ್ಜನ ಬಳಿ ಹೋಗುತ್ತಿದ್ದಳು; ಅಜ್ಜ ಹೇಳಿಕೊಡದಿದ್ದರೂ ಪಕ್ಕದಲ್ಲಿಯೇ ಕುಳಿತು ಬರೆಯುತ್ತಿದ್ದಳು. ಮುಂಜಾನೆ ಹೊಲದ ದಾರಿಯಲ್ಲಿ ನಡೆಸಿಕೊಂಡು ಹೋಗುವುದು ನಮ್ಮ ಪಾಲಿಗೆ ಬಂದಿತು. ಮೊದಲ ವಾರಗಳಲ್ಲಿ ಇಬ್ಬರೂ ಮಾತಿಲ್ಲದೆ ನಡೆದೆವು. ಆರನೆಯ ವಾರ ಮುಗಿಯುವ ಹೊತ್ತಿಗೆ ಒಂದು ದಿನ ಅವನು ಬದುವಿನ ಮೇಲೆ ನಿಂತು, “ಅಣ್ಣಾ, ಈ ಸಲ ಜೋಳ ಚಲೋ ಬಂದೈತಿ” ಎಂದ. ನೆಲ ನೋಡಿ ನಡೆಯುತ್ತಿದ್ದವನು ತೆನೆಯನ್ನು ಕಂಡಿದ್ದ.

ನಡಿಗೆಯನ್ನು ಕೇವಲ ಕಾಲಹರಣವೆಂದು ತಿಳಿಯಬಾರದು. 2011ರಲ್ಲಿ ಅಮೆರಿಕೆಯಲ್ಲಿ 120 ಮಂದಿ ವೃದ್ಧರನ್ನು ಎರಡು ಗುಂಪು ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ವಾರಕ್ಕೆ ಮೂರು ದಿನ, ಕ್ರಮೇಣ 40 ನಿಮಿಷದವರೆಗೆ, ವರ್ಷವಿಡೀ ಬಿರುಸಾಗಿ ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು ಶೇಕಡಾ 2ರಷ್ಟು ಹಿಗ್ಗಿದ್ದಿತು. ಬರಿಯ ಮೈಸಡಿಲಿಕೆಯ ವ್ಯಾಯಾಮ ಮಾಡಿದವರದು ತುಸು ಕುಗ್ಗಿದ್ದಿತು. ಹಿಗ್ಗಿದವರ ರಕ್ತದಲ್ಲಿ ಬಿಡಿಎನ್‌ಎಫ್ ಕೂಡ ಏರಿದ್ದಿತು. ಅವರು ಖಿನ್ನತೆಯ ರೋಗಿಗಳಲ್ಲದಿದ್ದರೂ ವೃದ್ಧಾಪ್ಯದಲ್ಲಿಯೂ ಮಿದುಳು ಬದಲಾಗಬಲ್ಲದೆಂಬ ಭರವಸೆ ಇದರಿಂದ ದೊರೆಯುತ್ತದೆ.

ಗೃಹಸ್ಥರು ನೆನಪಿನಲ್ಲಿಡಬೇಕಾದ ಕೆಲವು ಸಂಗತಿಗಳಿವೆ. ಈ ಮಾತ್ರೆಗಳು ಮದ್ಯದಂತೆ ಇನ್ನಷ್ಟು ಬೇಕೆಂಬ ಹಂಬಲವನ್ನು ಹುಟ್ಟಿಸುವುದಿಲ್ಲ. ಆದರೆ ಒಮ್ಮೆಲೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಭಂಗ, ಚಡಪಡಿಕೆಗಳು ಕಾಣಿಸಿಕೊಳ್ಳುತ್ತವೆ. ಆದುದರಿಂದ ಬಿಡುವುದಾದರೂ ವೈದ್ಯರು ಹೇಳಿದಂತೆ ಹಂತಹಂತವಾಗಿ ಬಿಡಬೇಕು. ಗುಣವಾದ ಮೇಲೆಯೂ ಸಾಮಾನ್ಯವಾಗಿ ಆರು ತಿಂಗಳಾದರೂ ಔಷಧ ಮುಂದುವರಿಸಲು ಹೇಳುತ್ತಾರೆ. ಬೇಗ ಬಿಟ್ಟರೆ ಬೇನೆ ಮರಳುವ ಸಂಭವ ಹೆಚ್ಚು. ನಾಲ್ಕಾರು ವಾರಗಳಲ್ಲಿಯೂ ಗುಣ ಕಾಣದಿದ್ದರೆ ವೈದ್ಯರು ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ. ಮೊದಲ ಔಷಧ ಹಿಡಿಸದಿದ್ದರೆ ಎಲ್ಲವೂ ಮುಗಿಯಿತೆಂದಲ್ಲ. ಇಪ್ಪತ್ತೈದು ವರ್ಷದೊಳಗಿನವರಿಗೆ ಔಷಧ ಆರಂಭಿಸಿದ ಮೊದಲ ವಾರಗಳಲ್ಲಿ ಹೆಚ್ಚಿನ ನಿಗಾ ಬೇಕು. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಆ ಅವಧಿಯಲ್ಲಿ ಹೆಚ್ಚುವುದುಂಟು. ಸಾಯುವ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ಕಾಣದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೆ ವೈದ್ಯರಿಗೆ ತಿಳಿಸಬೇಕು. ಭಾರತ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416, ಕನ್ನಡದಲ್ಲಿಯೂ ಮಾತನಾಡಬಹುದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತು ಜನರಿಗೊಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದಾರೆ. ಅಂದಮೇಲೆ ಪ್ರತಿಯೊಂದು ಓಣಿಯಲ್ಲಿಯೂ ಈ ಬೇನೆಯುಂಡವರಿದ್ದಾರೆ. ಅವರನ್ನು ಮರೆಮಾಡುವ ಕಾರಣವೇನೂ ಇಲ್ಲ. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಮನೆಯವರೂ ಬಂದು ಇರುವಂತೆ ಮಾಡಿದರು. ಮನೆಯವರು ಬೇನೆಯನ್ನು ಅರಿತರು, ರೋಗಿಗಳು ಬೇಗ ಮನೆಗೆ ಮರಳಿದರು. ಬಿಡಿಎನ್‌ಎಫ್ ಎಂಬ ಹೆಸರನ್ನು ಅಂದು ಯಾರೂ ಕೇಳಿರಲಿಲ್ಲ.

ಆದುದರಿಂದ ಬಂಧುಗಳೆ, ವೈದ್ಯರು ಆರು ವಾರ ಕಾಯಿರಿ ಎಂದರೆ ಅದನ್ನು ಕೈಕಟ್ಟಿ ಕುಳಿತುಕೊಳ್ಳುವ ಅವಧಿಯೆಂದು ಎಣಿಸದಿರಿ. ಆ ದಿನಗಳಲ್ಲಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿರಿ, ಜೊತೆಗೆ ಕುಳಿತು ಉಣ್ಣಿರಿ, ಜೊತೆಗೆ ನಡೆಯಿರಿ, “ಮನಸ್ಸು ಗಟ್ಟಿ ಮಾಡಿಕೋ” ಎಂಬ ಉಪದೇಶವನ್ನು ಕಡಿಮೆ ಮಾಡಿರಿ. ಅವರು ಮಾತನಾಡದಿದ್ದರೆ ನೀವೂ ಸುಮ್ಮನೆ ಪಕ್ಕದಲ್ಲಿರಿ. ನೆಲಕ್ಕೆ ಹದ ಬರುತ್ತಿರುವ ಕಾಲವದು. ಬಿತ್ತನೆ ಮನೆಯವರ ಕೈಯಲ್ಲಿದೆ.